ಬಂಗಾರ ಬಣ್ಣದ ಬಾಟಲಿ

ಕುಲಗೋಡದ ಸುತ್ತಮುತ್ತ ನನ್ನ ಕಾಕಾನಷ್ಟು ಬಣ್ಣದ ಹುಚ್ಚು ಯಾರಿಗೂ ಇರಲಿಲ್ಲ. ಗಾಣದ ಮನೆಯಲ್ಲಿ ಬೆಲ್ಲದ ಪಾಕ ನೋಡಿ, ಕೊಪ್ಪರಿಗೆ ಇಳಿಸಿರೆಂದು ಹೇಳುವುದು ಅವರ ಕಸುಬು. ಬೆಲ್ಲ ಬಂಗಾರದಂತಿದ್ದರೆ ದೇವರಿಗೆ, ಕಪ್ಪಗಿದ್ದರೆ ದನಕ್ಕೆ. ಅವರ ಪ್ರಪಂಚದಲ್ಲಿ ಮೂರನೆಯದಿಲ್ಲ. ನಾನು ಮೊದಲ ಸಲ ಇಳಿಸಿದ ಬೆಲ್ಲವನ್ನು ಗೋಕಾಕ ಸಂತೆಯಲ್ಲಿ ಹತ್ತು ಮಂದಿಯೆದುರು ಮೂಸಿ, "ಎಮ್ಮಿಗೆ ಹಾಕೋ" ಅಂದಿದ್ದರು. ಅದನ್ನು ನಾನು ಮರೆತಿರಲಿಲ್ಲ.

ಎರಡು ಸಾವಿರದ ಇಸವಿಯ ಆಚೀಚೆ, ಹಡಗಿನಲ್ಲಿ ಅಡುಗೆ ಕೆಲಸಕ್ಕಿದ್ದ ನನ್ನ ಅಕ್ಕನ ಗಂಡ ಬೆಲ್ಜಿಯಂ ದೇಶದ ಎರಡು ದೊಡ್ಡ ಬಾಟಲಿ ಬಿಯರ್ ತಂದರು. ಒಂದು ಕಪ್ಪು, ಒಂದು ಬಂಗಾರ. ಅವತ್ತು ಮಧ್ಯಾಹ್ನ ಗಾಣದ ಮನೆಯಲ್ಲಿ ಕುದಿಯುತ್ತಿದ್ದದ್ದು ಹುಕ್ಕೇರಿಯ ಬೀಗರಿಗೆ ಕಳಿಸುವ ಬೆಲ್ಲ. ಕಾಕಾನ ಮಗಳ ಮದುವೆ ಅಲ್ಲಿಗೆ ನಿಶ್ಚಯವಾಗಿತ್ತು. ಇಂಥ ಬಣ್ಣದ ಬೆಲ್ಲ ನಿಮ್ಮೂರು ಕಂಡಿರಲಿಕ್ಕಿಲ್ಲ ಎಂದು ಕಾಕಾ ಬೀಗರ ಅಂಗಳದಲ್ಲೇ ಜಂಬ ಕೊಚ್ಚಿ ಬಂದಿದ್ದರು.

"ಎರಡೂ ನಶಾಕ್ಕ ಒಂದ ಸಮ ಜೋರ ಅದಾವ್ರಿ ಮಾಮಾರ," ಅಂದರು ಭಾವ. "ಕರೇದಕ್ಕ ಕಂದು ಆಗೂತನಕಾ ಕಾಸಿದ ಸಕ್ರಿ ಹಾಕ್ತಾರ. ಒಣದ್ರಾಕ್ಷಿ, ಉತ್ತತ್ತಿ ರುಚಿ ಬರತೈತಿ. ಬಂಗಾರದ್ದಕ್ಕ ತಿಳಿ ಬಣ್ಣದ ಕಾಳು, ಬಿಳಿ ಸಕ್ರಿ. ಕುಡಿಯಾಕ ಹಗುರ ಅನಸತೈತಿ, ಆದ್ರ ಹಗುರ ಅಲ್ಲ."

"ಅಳಿಯಾರ, ನೀವು ಹಡಗಿನ ಮಾತು ಹೇಳ್ರಿ, ಬಣ್ಣದ ಮಾತು ನನಗ ಬಿಡ್ರಿ," ಎಂದು ಕಾಕಾ ನಕ್ಕರು. "ಕರೇದು ಜೋರ, ಅದನ್ನ ಮುಟ್ಟೂದಿಲ್ಲ. ಇವತ್ತ ಪಾಕ ನೋಡೂದೈತಿ. ಈ ಬಂಗಾರದ್ದೇನ್ರಿ, ಶರಬತ್ತ!"

ನಾನು ಎರಡನ್ನೂ ಒಂದೊಂದು ಗುಟುಕು ಕುಡಿದು ನೋಡಿದೆ. ಕಪ್ಪು ಮಂದವಾಗಿ, ಕೊಪ್ಪರಿಗೆಯ ತಳ ಕೆರೆದು ತಿಂದಂತಿತ್ತು. ಬಂಗಾರದ್ದು ನೊರೆ ನೊರೆ, ಮೂಗಿಗೆ ಮೆಣಸಿನ ಘಾಟು, ನಾಲಗೆಯಲ್ಲಿ ಸಿಹಿ ಉಳಿಯುತ್ತಲೇ ಇರಲಿಲ್ಲ. ಹೊಟ್ಟೆಗಿಳಿದ ಮೇಲೆ ಮಾತ್ರ ಎರಡೂ ಒಂದೇ ಬಿಸಿ. ಭಾವ ಹೇಳಿದ್ದು ಖರೆ ಎಂದು ನನಗೆ ಅಲ್ಲೇ ತಿಳಿಯಿತು. ಕಾಕಾ ಮಾತ್ರ ಬಂಗಾರದ್ದರ ಬಣ್ಣ ನೋಡಿಕೊಂಡೇ ಮೂರು ಗ್ಲಾಸು ಇಳಿಸಿದರು.

ಆಮೇಲೆ ಕೊಪ್ಪರಿಗೆಯ ಮುಂದೆ ನಿಂತರು, ದೊಡ್ಡ ಪಂಡಿತರು! ತಣ್ಣೀರಿಗೆ ಪಾಕ ಹನಿಸಿ, ಬೆರಳಲ್ಲಿ ಉಂಡೆ ಕಟ್ಟಿ, "ಇನ್ನೊಂದ ಕುದಿ ಬರಲಿ" ಅಂದರು. ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಮಾತು. ಸೀದ ವಾಸನೆ ಎಲ್ಲರ ಮೂಗಿಗೂ ಬಡಿಯಿತು, ಅವರೊಬ್ಬರನ್ನು ಬಿಟ್ಟು. ಅವರಿಗೆ ಎದುರಾಡುವ ಧೈರ್ಯ ಅಲ್ಲಿ ಯಾರಿಗಿತ್ತು? ಅಚ್ಚಿನಿಂದ ಬಿಚ್ಚಿದ ಬೆಲ್ಲದ ಪೆಂಟಿಗಳು ಕಪ್ಪು ಬಾಟಲಿಯ ಬಣ್ಣಕ್ಕೇ ಬಂದವು.

ಹುಕ್ಕೇರಿಗೆ ಹೋದದ್ದು ಮೂಡಲಗಿ ಪೇಟೆಯಲ್ಲಿ ಕೊಂಡ, ಯಾರೋ ಇಳಿಸಿದ ಬೆಲ್ಲ. ಊರು ವರ್ಷವಿಡೀ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು.

ಮರುವರ್ಷ ಗಾಣ ಹೂಡಿದ ದಿನ ಕಾಕಾ ನನ್ನನ್ನು ಕೊಪ್ಪರಿಗೆಯ ಹತ್ತಿರ ಕರೆದು, ತಣ್ಣೀರಿನ ತಂಬಿಗೆಯನ್ನು ಕೈಗೆ ಕೊಟ್ಟರು.

"ಇನ್ನ ಮ್ಯಾಲ ಪಾಕ ನೀ ನೋಡೋ. ನನ್ನ ಕೈ ಮ್ಯಾಲ ನನಗ ನಂಬಿಕಿ ಇಲ್ಲ. ನಿನ್ನ ಕೈ ನೆಟ್ಟಗೈತಿ."

ತಂಬಿಗೆ ತೆಗೆದುಕೊಂಡೆ. ಹೋದ ವರ್ಷದ ಆ ಮೂರೂ ಗ್ಲಾಸು ಬೇಕೆಂದೇ ತುಂಬಿಸಿಕೊಟ್ಟದ್ದು ಇದೇ ಕೈ.