ಇಪ್ಪತ್ತೆರಡು ಸಾಹೇಬರ ಅಡ್ಡ ಲೆಕ್ಕ

ಲಿಯಾಕತ್ ಅಲಿಯ ಮದುವೆಗೆ ಶಿರಾದಿಂದ ಪಾವಗಡಕ್ಕೆ ಎಪ್ಪತ್ತೆರಡು ಜನ ಹೋದರು; ಇಪ್ಪತ್ತೆರಡು ಜನ ಉಂಡರು. ಮಿಕ್ಕ ಐವತ್ತು ಜನ, ಎರಡನೆಯ ಹಂಡೆಯಲ್ಲಿ ಅಕ್ಕಿ ಬೇಯುವ ತನಕ, ಹೆಣ್ಣಿನ ತಂದೆ ನಬೀ ಸಾಬರ ಅಂಗಳದಲ್ಲಿ ಕೈ ತೊಳೆದುಕೊಂಡು ಕೂತರು.

ನಬೀ ಸಾಬ್ ಶೇರ್ವಾನಿಯ ಜೇಬಿನಿಂದ ತಂತಿಯ ಕಾಗದ ತೆಗೆದು ಎಲ್ಲರಿಗೂ ಕೇಳುವಂತೆ ಓದಿದರು: ‘ದಿಬ್ಬಣ 22 ಜನ.’ ಆಮೇಲೆ ನಿಧಾನವಾಗಿ ಕೇಳಿದರು, “ಇದನ್ನ ಹೊಡೆದ ಪುಣ್ಯಾತ್ಮ ಯಾರಪ್ಪ?”

ಪುಣ್ಯಾತ್ಮ ಹೂವಿನ ಸೆಹರಾದ ಹಿಂದೆ ಮುಖ ಮರೆಸಿಕೊಂಡು ಅಲ್ಲೇ ಕೂತಿದ್ದ. ಶಿರಾದ ತಂತಿ ಮೇಜಿನಲ್ಲಿ ಗುಂಡಿ ಒತ್ತುವ ಕೆಲಸ ಮದುಮಗನದೇ. ತನ್ನ ದಿಬ್ಬಣದ ಸಂಖ್ಯೆಯನ್ನು ತಾನೇ ಕಳಿಸಿದ್ದ.

ತಪ್ಪು ಅವನದಲ್ಲ ಎಂದು ಆಗ ಯಾರಿಗೆ ಹೇಳುವುದು? ತಂತಿಯ ಭಾಷೆಯಲ್ಲಿ ಎರಡು ಗೆರೆ ಮೂರು ಚುಕ್ಕಿ ಹೊಡೆದರೆ ಏಳು. ಎರಡು ಚುಕ್ಕಿ ಮೂರು ಗೆರೆ ಹೊಡೆದರೆ ಎರಡು. ಅವನು ಏಳನ್ನೇ ಹೊಡೆದಿದ್ದ. ಮಧುಗಿರಿ ದಾಟುವಷ್ಟರಲ್ಲಿ ಗಾಳಿಗೆ ತಂತಿ ತೂಗಾಡಿ, ಏಳು ಕೂತು ಎರಡಾಗಿಬಿಟ್ಟಿತ್ತು.

ಇದು ಐವತ್ತೈದನೆಯ ಇಸವಿಯ ಮಾತು. ಅಂದಿನಿಂದ ಮಾವನ ಬಾಯಲ್ಲಿ ಅವನ ಹೆಸರು ‘ಇಪ್ಪತ್ತೆರಡು ಸಾಹೇಬ್’. ಅತ್ತೆ ಅಮೀರ್ ಬಿ ಬೈಯಲಿಲ್ಲ. ಆದರೆ ಆಮೇಲೆ ಯಾವ ಔತಣವಾದರೂ ಕೂತವರನ್ನು ಸಾಲಿನ ಉದ್ದಕ್ಕೆ ಒಮ್ಮೆ, ಅಡ್ಡಕ್ಕೆ ಒಮ್ಮೆ ಎಣಿಸಿ, ಎರಡೂ ತಾಳೆಯಾದ ಮೇಲೆಯೇ ಹಂಡೆಯ ಮುಚ್ಚಳ ತೆಗೆಯತೊಡಗಿದರು.

ಮನೆಯಲ್ಲಿ ಆದದ್ದು ನಗೆಯಲ್ಲಿ ಹೋಯಿತು. ಕಚೇರಿಯಲ್ಲಿ ಹಾಗಾಗಲಿಲ್ಲ. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ, ಈ ನಾಲ್ಕು ಕಡೆಯ ಏಳು ದಿನದ ಮಳೆಯ ಪಟ್ಟಿಯನ್ನು, ಇಂಚಿನ ನೂರನೆಯ ಪಾಲಾದ ಸೆಂಟಿನ ಲೆಕ್ಕದಲ್ಲಿ, ಪ್ರತಿ ಸೋಮವಾರ ತುಮಕೂರಿಗೆ ಹೊಡೆಯುವುದು ಲಿಯಾಕತ್ ಅಲಿಯ ಪಾಲಿನ ಕೆಲಸ. ಎರಡು ವರ್ಷದಲ್ಲಿ ಮೂರು ಸಲ ಪಟ್ಟಿ ತಪ್ಪಾಗಿ ತಲುಪಿತು. ಮೇಲಿನಿಂದ ಮೆಮೊ ಬಂತು: ಇನ್ನೊಂದು ತಪ್ಪಾದರೆ ಇವರನ್ನು ತಂತಿ ಮೇಜಿನಿಂದ ಎಬ್ಬಿಸಿ ಸ್ಟಾಂಪಿನ ಕಿಟಕಿಗೆ ಕೂರಿಸತಕ್ಕದ್ದು.

“ತಪ್ಪು ಗಾಳೀದೇ ಇರಬೋದು ಕಣಯ್ಯ,” ಎಂದರು ಪೋಸ್ಟ್ ಮಾಸ್ಟರ್ ರೇಣುಕಯ್ಯ, “ಆದ್ರೆ ಗಾಳಿಗೆ ಮೆಮೊ ಕೊಡಕ್ಕಾಗಲ್ವಲ್ಲ.”

ಲಿಯಾಕತ್ ಅಲಿಗೆ ಅನ್ನ ಇಳಿಯಲಿಲ್ಲ. ಅವನ ಬೆರಳಿನ ಲಯ ಕಿವಿಗೆ ಬಿದ್ದರೆ ಸಾಕು, ‘ಶಿರಾ ಮಾತಾಡ್ತಿದೆ’ ಎಂದು ತುಮಕೂರಿನವರು ಗುರುತು ಹಿಡಿಯುತ್ತಿದ್ದರು. ಸ್ಟಾಂಪು ಹರಿದು ಕೊಡುವುದಕ್ಕೆ ಯಾವ ಲಯ ಬೇಕು?

“ಒಂದೊಂದನ್ನೂ ಎರಡೆರಡು ಸಲ ಹೊಡೀರಿ,” ಎಂದಳು ಹೆಂಡತಿ ಶಾಹಜಾದಿ.

“ಒಂದ್ಸಲ ಎಪ್ಪತ್ತೆರಡು, ಇನ್ನೊಂದ್ಸಲ ಇಪ್ಪತ್ತೆರಡು ಬಂದ್ರೆ? ಒಂದು ಸುಳ್ಳು ಅಂತ ಗೊತ್ತಾಯ್ತದೆ. ಯಾವ್ದು ಅಂತ ಗೊತ್ತಾಗಲ್ಲ.”

“ಮೂರು ಸಲ ಹೊಡೀರಿ.”

“ಆಮೇಲೆ ತುಮಕೂರಿನವರು ನನ್ನನ್ನ ಹೊಡೀತಾರೆ.”

“ಹಂಗಾದ್ರೆ ನಮ್ಮ ಅಮ್ಮೀನ ಕೂರಿಸ್ರಿ ಮೇಜಿನ ಮುಂದೆ. ಉದ್ದಕ್ಕೆ ಎಣಿಸ್ತಾರೆ, ಅಡ್ಡಕ್ಕೆ ಎಣಿಸ್ತಾರೆ. ನಿಮ್ಮ ತಂತಿ ಕಲಿಸಿದ ಪಾಠ ಅಲ್ವಾ.”

ಅವಳು ಕುಟುಕಿದ್ದು. ಅವನಿಗೆ ತಟ್ಟಿದ್ದು ಬೇರೆ. ಊಟದ ಕೈ ತೊಳೆದು ಒಂದು ಹಳೆಯ ಫಾರಮ್ಮಿನ ಬೆನ್ನಿಗೆ ಗೆರೆ ಹಾಕಿದ. ಊರಿಗೊಂದರಂತೆ ನಾಲ್ಕು ಅಡ್ಡ ಸಾಲು, ದಿನಕ್ಕೊಂದರಂತೆ ಏಳು ಉದ್ದ ಸಾಲು. ಪ್ರತಿ ಸಾಲಿನ ಕೊನೆಗೂ ಆ ಸಾಲಿನ ಮೊತ್ತ. ನೂರು ದಾಟಿದರೆ ನೂರನ್ನು ಬಿಟ್ಟು ಕೊನೆಯ ಎರಡಂಕಿ ಮಾತ್ರ. ಒಳಗಿನ ಒಂದು ಸಂಖ್ಯೆ ದಾರಿಯಲ್ಲಿ ಕೆಟ್ಟರೆ, ಒಂದು ಅಡ್ಡ ಸಾಲೂ ಒಂದು ಉದ್ದ ಸಾಲೂ ಒಟ್ಟಿಗೇ ತಾಳೆ ತಪ್ಪುತ್ತವೆ. ಅವೆರಡೂ ಸೇರುವ ಮನೆಯಲ್ಲೇ ಕಳ್ಳ. ಎಷ್ಟು ಕದ್ದಿದ್ದಾನೆಂಬುದನ್ನೂ ಕೊರತೆಯೇ ಹೇಳುತ್ತದೆ. ಇಪ್ಪತ್ತೆಂಟು ಸಂಖ್ಯೆಯ ಕಾವಲಿಗೆ ಹೆಚ್ಚುವರಿ ಹನ್ನೊಂದು ಸಾಕು. ಎರಡೆರಡು ಸಲ ಹೊಡೆದಿದ್ದರೆ ಇನ್ನೂ ಇಪ್ಪತ್ತೆಂಟು ಆಗುತ್ತಿತ್ತು, ಕಳ್ಳನೂ ಸಿಗುತ್ತಿರಲಿಲ್ಲ.

ತುಮಕೂರಿನ ಕಡೆ ಕೂತು ಬರೆದುಕೊಳ್ಳುವ ನಂದೀಶ್ವರಯ್ಯನಿಗೆ ಕಾಗದ ಬರೆದು ವಿವರಿಸಿದ. ‘ನಿಮ್ಮೂರಿನ ಮಳೆಗಿಂತ ನಿಮ್ಮ ಲೆಕ್ಕವೇ ಜಾಸ್ತಿ’ ಎಂದು ಉತ್ತರ ಬಂತು. ಗೊಣಗಿದರೂ ನಂದೀಶ್ವರಯ್ಯ ಒಪ್ಪಿಕೊಂಡ.

ಮುಂದಿನ ಬೇಸಿಗೆಯಲ್ಲಿ, ರಂಜಾನಿಗೆ ಕೆಲವು ವಾರ ಇರುವಾಗ, ಒಂದು ಸೋಮವಾರ ಬಿರುಗಾಳಿ ಎದ್ದಿತು. ಲಿಯಾಕತ್ ಅಲಿ ಕೊನೆಯ ಮೊತ್ತ ಹೊಡೆದು ಬೆರಳು ತೆಗೆದನೋ ಇಲ್ಲವೋ, ಯಂತ್ರ ಮೂಕವಾಯಿತು. ಕೊರಟಗೆರೆಯ ಹತ್ತಿರ ಹುಣಸೆಮರ ತಂತಿಯ ಮೇಲೆ ಬಿದ್ದಿತ್ತು. ಪಟ್ಟಿ ಸರಿಯಾಗಿ ಹೋಯಿತೇ ಎಂದು ಕೇಳುವಂತಿಲ್ಲ. ಮೂರು ದಿನ ಅವನು ಸ್ಟಾಂಪಿನ ಕಿಟಕಿಯನ್ನು, ಕಚ್ಚುವ ನಾಯಿಯನ್ನು ನೋಡಿದ ಹಾಗೆ ಓರೆಗಣ್ಣಲ್ಲಿ ನೋಡಿಕೊಂಡು ಓಡಾಡಿದ.

ಗುರುವಾರ ಸಂಜೆ ತಂತಿಗೆ ಜೀವ ಬಂತು. ಮೊದಲು ಬಂದದ್ದೇ ನಂದೀಶ್ವರಯ್ಯನ ಮಾತು: ‘ಪಾವಗಡದ ಸಾಲಿಗೆ ಐವತ್ತು ಕಡಿಮೆ. ಕಳೆದ ಗುರುವಾರದ ಸಾಲಿಗೂ ಐವತ್ತು ಕಡಿಮೆ. ಸೇರುವ ಮನೆಯಲ್ಲಿ 22 ಇತ್ತು. 72 ಮಾಡಿ ಸೋಮವಾರವೇ ಕೊಟ್ಟೆ. ಸರಿಯೇ?’

ಲಿಯಾಕತ್ ಅಲಿ ತನ್ನ ಹಾಳೆ ನೋಡಿದ. 72. ಅದೇ ಏಳು, ಅದೇ ಗಾಳಿ; ಈ ಸಲ ಕೂತಿದ್ದನ್ನು ಎಬ್ಬಿಸಿ ನಿಲ್ಲಿಸಿದ್ದರು. ‘ಸರಿ’ ಎಂದು ಹೊಡೆಯುವಾಗ ಒಂದು ಚುಕ್ಕಿ ಹೆಚ್ಚಿಗೆ ಬಿತ್ತು. ಶಿರಾದ ಲಯ ತಪ್ಪಿದ್ದು ಅದೊಂದೇ ಸಲ ಎಂದು ನಂದೀಶ್ವರಯ್ಯ ಮುಂದೆ ಎಷ್ಟೋ ಜನರಿಗೆ ಹೇಳಿಕೊಂಡು ತಿರುಗಿದ.

ಶನಿವಾರ, ಮೆಮೊಗೆ ರುಜು ಹಾಕಿದ್ದ ಸಾಹೇಬರು ಜಯರಾಮಯ್ಯನವರೇ ಜೀಪಿನಲ್ಲಿ ಬಂದರು. ಮಗಳ ಮನೆಗೆಂದು ಆ ಬೆಳಿಗ್ಗೆಯೇ ಪಾವಗಡದಿಂದ ಚೀಲ ಹೊತ್ತು ಬಂದಿದ್ದ ನಬೀ ಸಾಬ್ ಸುದ್ದಿ ಕೇಳಿ ಕಚೇರಿಯ ಬಾಗಿಲಲ್ಲಿ ನಿಂತಿದ್ದರು. ಸಾಹೇಬರು ಉದ್ದ ಸಾಲು, ಅಡ್ಡ ಸಾಲು ಎಲ್ಲವನ್ನೂ ಬೆರಳಿಟ್ಟು ನೋಡಿದರು. ಆಮೇಲೆ ಮೆಮೊ ತರಿಸಿ ಎಲ್ಲರೆದುರು ಎರಡಾಗಿ ಹರಿದರು. ಈ ಪದ್ಧತಿಯನ್ನು ಬೇರೆ ಕಚೇರಿಗಳಿಗೂ ಬರೆಯುತ್ತೇನೆ ಎಂದರು.

ನಬೀ ಸಾಬ್ ಎದೆ ಮುಂದೆ ಮಾಡಿ ಪಕ್ಕದವರಿಗೆ ಹೇಳಿದರು, “ನಮ್ಮ ಅಳಿಯ. ಲಿಯಾಕತ್ ಅಲಿ ಅಂತ.” ಮದುವೆಯಾದ ಮೇಲೆ ಮೊದಲ ಸಲ ಆ ಹೆಸರು ಮಾವನ ಬಾಯಿಂದ ಬಂದಿತ್ತು.

ಸಾಹೇಬರು ಅಳಿಯನ ಹೆಗಲ ಮೇಲೆ ಕೈಯಿಟ್ಟರು. “ಅಂದರೆ ಆ ಗುರುವಾರ ಪಾವಗಡದಲ್ಲಿ ಬಿದ್ದ ಎಪ್ಪತ್ತೆರಡು ಸೆಂಟು ಮಳೆಯನ್ನು ಒಂದು ಹನಿಯೂ ಚೆಲ್ಲದ ಹಾಗೆ ತುಮಕೂರಿಗೆ ಮುಟ್ಟಿಸಿದಿರಿ, ಅಲ್ಲವೇನ್ರೀ?”

“ಅಳೆದವರು ಬರೆದದ್ದನ್ನ ಮುಟ್ಟಿಸ್ದೆ ಸಾರ್,” ಎಂದ ಲಿಯಾಕತ್ ಅಲಿ ವಿನಯದಿಂದ. “ಮಳೆ ಬಿತ್ತೋ ಇಲ್ವೋ ಗೊತ್ತಿಲ್ಲ. ಅವತ್ತು ನಮ್ಮತ್ತೆ ಪಾವಗಡದಲ್ಲಿ ಮಾಳಿಗೆ ಮೇಲೆ ದಿನವೆಲ್ಲ ಶ್ಯಾವಿಗೆ ಒಣಗಾಕಿದ್ರಂತೆ. ಗರಿಗರಿಯಾಗಿದೆ, ಮಾವ ತಂದವ್ರೆ. ಒಂದು ಪೊಟ್ಟಣ ಕಟ್ಟಿಕೊಡ್ಲಾ ಸಾರ್?”