ಮದುಮಗನ ಕಾರಿನ ಅಡಿಯಲ್ಲಿ ರುದ್ರಪ್ಪ ಮಾವ

ಗೋಪಾಳದ ಕಲ್ಯಾಣಮಂಟಪದ ಮುಂದೆ, ಮಲ್ಲಿಗೆ ಹೊದ್ದು ನಿಂತಿದ್ದ ಮದುಮಗನ ಕಾರಿನ ಅಡಿಯಿಂದ ಎರಡು ಕಾಲುಗಳು ಹೊರಗೆ ಚಾಚಿದ್ದವು. ರೇಷ್ಮೆ ಪಂಚೆಯ ಅಂಚಿಗೆ ಗ್ರೀಸು. ಡ್ರೈವರ್ ಬೆವರುತ್ತಿದ್ದ.

"ಬ್ರೇಕ್ ಯಾರು ನೋಡಿದ್ದು?" ಎಂದು ಅಡಿಯಿಂದ ಗುಡುಗು ಬಂತು.

"ಗ್ಯಾರೇಜಿನೋರು ಸಾರ್."

"ಅವ್ರು ಮನೇಲಿ ಹೋಳಿಗೆ ತಿಂತಾ ಇದಾರೆ. ಕಾರಲ್ಲಿ ಕೂತಿರೋನು ಮದುಮಗ!"

ಇವರು ನನ್ನ ಸೋದರಮಾವ ರುದ್ರಪ್ಪ, ಜಾಂಬಿಯಾದಲ್ಲಿ ನಾಲ್ಕು ಗ್ಯಾರೇಜುಗಳ ಒಡೆಯರು. ನಾನು ಊರವರನ್ನೆಲ್ಲ ಅಣಕಿಸಿ ನಗಿಸುವವನು. ಮಾವನ ಗುಡುಗಿಗೇ ಹೆಚ್ಚು ಬೇಡಿಕೆ. ಹೊಟ್ಟೆಪಾಡಿಗೆ ಭದ್ರಾವತಿಯಲ್ಲಿ ಮೆಕ್ಯಾನಿಕ್ ಶೆಡ್ ಇಟ್ಟಿದ್ದೇನೆ. ಅದನ್ನು ನೋಡಿ ಮಾವ ಅಂದದ್ದು: "ನಾಲಿಗೆಗೇ ಬ್ರೇಕ್ ಇಲ್ದೋನು ಲಾರಿಗೆ ಬ್ರೇಕ್ ಹಾಕ್ತಾನಂತೆ!" ನನ್ನ ವ್ಯಾನಿಗೆ ಕರೆದರೆ ಆಟೋ ಹಿಡಿದು ಹೋಗುತ್ತಿದ್ದರು. ಒಮ್ಮೆಯಾದರೂ ಅವರನ್ನು ಹತ್ತಿಸಬೇಕೆಂಬುದು ನನ್ನ ಹಟವಾಯಿತು.

ಕಾರ್ಗಿಲ್ ಯುದ್ಧದಲ್ಲಿ ಮಾವ ಸೇನೆಯ ಲಾರಿಗಳ ಮೆಕ್ಯಾನಿಕ್. ಬ್ರೇಕ್ ಬಿಗಿದವನೇ ಮೊದಲ ಇಳಿಜಾರಿಗೆ ಲಾರಿಯಲ್ಲಿ ಕೂರಬೇಕು ಎಂಬುದು ಅವರ ತುಕಡಿಯ ಕಟ್ಟಳೆ. ನಿವೃತ್ತರಾದ ಮೇಲೆ ಕೈಗೆ ಬಂದದ್ದನ್ನೆಲ್ಲ ಸುರಿದು ಜಾಂಬಿಯಾದ ಗಣಿ ಊರೊಂದರಲ್ಲಿ ಶೆಡ್ ಹಾಕಿದರು. ಆರು ತಿಂಗಳು ಒಂದು ಸೈಕಲ್ಲೂ ಬರಲಿಲ್ಲ. ಕೊನೆಗೆ ಗಣಿಯ ಮ್ಯಾನೇಜರ್ ಕಾರ್ಮಿಕರ ಬಸ್ಸೊಂದನ್ನು ಕಳಿಸಿದ. ರಿಪೇರಿ ಮುಗಿದಾಗ ಗ್ಯಾರಂಟಿ ಪತ್ರ ಕೇಳಿದ. ಹೊಸಬರಾದ ಮಾವ ಬರೆದ ಪತ್ರವನ್ನು ನಂಬುವವರು ಯಾರು? ತಾವೇ ಸ್ಟೀರಿಂಗ್ ಹಿಡಿದರು, ಪಕ್ಕದಲ್ಲಿ ಹೆಂಡತಿಯನ್ನೂ ಕೂರಿಸಿಕೊಂಡು ಗಣಿಯ ಕಡಿದಾದ ಇಳಿಜಾರಿಗೆ ಬಸ್ಸು ಬಿಟ್ಟರು.

"ಚಪಾತಿ ಲಟ್ಟಿಸ್ತಿದ್ದೋಳನ್ನ ಎಳ್ಕೊಂಡು ಹೋದ್ರು ಮಾರಾಯ," ಎಂದು ಗಿರಿಜತ್ತೆ ಈಗಲೂ ಎದೆ ಮುಟ್ಟಿಕೊಳ್ಳುತ್ತಾರೆ. "ಅರ್ಧ ಇಳಿಜಾರಲ್ಲಿ ಬ್ರೇಕ್ ಒತ್ತಿದ್ರು, ಬಸ್ಸು ಗಕ್ಕಂತ ನಿಂತ್ಕೊಳ್ತು. ಕಣ್ಬಿಟ್ರೆ ಲಟ್ಟಣಿಗೆ ಇನ್ನೂ ಕೈಯಲ್ಲೇ ಇದೆ! ಇವ್ರಿಗೆ ಎರಡು ಬಿಡೋಣ ಅಂದ್ರೆ, ಆ ಮ್ಯಾನೇಜರು ಚಪ್ಪಾಳೆ ಹೊಡೀತಿದಾನೆ."

ಮರುವಾರ ಗಣಿಯ ಬಸ್ಸುಗಳೆಲ್ಲ ಮಾವನ ಶೆಡ್ ಮುಂದೆ ಸಾಲುಗಟ್ಟಿದವು. ಇವತ್ತಿಗೂ ನಾಲ್ಕು ಗ್ಯಾರೇಜುಗಳಲ್ಲಿ ಅದೇ ಕಟ್ಟಳೆ.

ಕಳೆದ ಸಲ ಬಂದವರು ವಾಪಸು ಹೊರಡುವ ಹಿಂದಿನ ದಿನ, "ತ್ಯಾವರೆಕೊಪ್ಪದ ಸಫಾರಿಗೆ ನಡಿ, ಹುಲಿ ನೋಡ್ಬೇಕು. ಆಫ್ರಿಕಾದಲ್ಲಿ ಸಿಂಹ ಬೇಕಾದಷ್ಟಿವೆ, ಕಾಡಲ್ಲಿ ಒಂದು ಹುಲಿ ಇಲ್ಲ ಮಾರಾಯ," ಎಂದರು. ಬೇಕೆಂದೇ ನನ್ನ ವ್ಯಾನು ತಂದು ನಿಲ್ಲಿಸಿದೆ. ಮಾವ ಪಂಚೆ ಎತ್ತಿ ಕಟ್ಟಿ ಬಗ್ಗಿದರು.

"ಬ್ರೇಕ್ ಯಾರು ನೋಡಿದ್ದು?"

"ನಾನೇ ಮಾವ."

"ಓಡ್ಸೋನು?"

"ಅದೂ ನಾನೇ. ಹಿಂದೆ ನಿಮ್ಮ ಅಕ್ಕನೂ ಕೂತಿದಾಳೆ, ನೋಡಿ."

ಮಾವ ಒಳಗೆ ಇಣುಕಿದರು. ಅಮ್ಮ ನೆಮ್ಮದಿಯಾಗಿ ಎಲೆಅಡಿಕೆ ಮೆಲ್ಲುತ್ತಿದ್ದಳು. ಮಾವ ಮತ್ತೆ ಬಗ್ಗಲಿಲ್ಲ. ಕಟ್ಟಿದ ಪಂಚೆ ಇಳಿಬಿಟ್ಟು ಮುಂದಿನ ಸೀಟಿನಲ್ಲಿ ಕೂತು, "ನಡಿ," ಎಂದರು. ನಾನು ಗೇರ್ ಹಾಕಿದೆ. ಆಲ್ಕೊಳ ಸರ್ಕಲ್ ದಾಟುವಷ್ಟರಲ್ಲಿ ಪಕ್ಕದಿಂದ ಗೊರಕೆ ಕೇಳಿಸಿತು.

ಮರುದಿನ ಮಾವ ಜಾಂಬಿಯಾಕ್ಕೆ ಹಾರಿದರು. ಮದುವೆ ಮನೆಗಳಲ್ಲಿ ಜನ ಈಗಲೂ ಅವರ ಗುಡುಗು ಕೇಳುತ್ತಾರೆ, ಮಾಡುತ್ತೇನೆ. ಆ ಗೊರಕೆಯೂ ನನಗೆ ಚೆನ್ನಾಗಿ ಬರುತ್ತದೆ. ಅದನ್ನು ಮಾತ್ರ ಯಾರಿಗೂ ಮಾಡಿ ತೋರಿಸಿಲ್ಲ.