ಐದನೆಯ ಬಾಗಿನ

ಡೆಟ್ರಾಯಿಟ್ ಪಕ್ಕದ ಕ್ಯಾಂಟನ್ನಿನ ಇಂಡಿಯನ್ ಅಂಗಡಿಗೆ ನಾನು ಹೋದದ್ದು ತೊಗರಿಬೇಳೆಗೆ. ಬೇಳೆ ಮೂಟೆಗಳ ಪಕ್ಕದಲ್ಲೇ ಅರಿಸಿನ ಬಳಿದ ಮೊರಗಳನ್ನು ಪೇರಿಸಿಟ್ಟಿದ್ದರು. ಗೌರಿ ಹಬ್ಬಕ್ಕೆ ಇನ್ನು ನಾಲ್ಕೇ ದಿನ. ಬಿದಿರಿನ ವಾಸನೆ ಮೂಗಿಗೆ ಬಡಿದದ್ದೇ ಕಾಲು ಅಲ್ಲೇ ನಿಂತಿತು. ನಮ್ಮವರು ತೀರಿಕೊಂಡು ಎರಡು ವರ್ಷ. ಅಂದಿನಿಂದ ನಾನು ಮೊರ ಕೊಂಡಿಲ್ಲ. ನಾರ್ತ್‌ವಿಲ್‌ನ ನಮ್ಮ ಬಡಾವಣೆಯ ಹುಡುಗಿಯರೂ ಬಾಗಿನಕ್ಕೆ ನನ್ನನ್ನು ಕರೆದಿಲ್ಲ. ಕೆಟ್ಟವರೇನಲ್ಲ ಪಾಪ, ಸಂಕೋಚ. ನಾನೂ ಮೇಲೆ ಬಿದ್ದು ಕೇಳುವವಳಲ್ಲ. ಹಾಗೆಂದು ಬೇಸರವಾಗಲಿಲ್ಲ ಎಂದರೆ ಶುದ್ಧ ಸುಳ್ಳು.

ಮೊರ ಕಂಡರೆ ನನಗೆ ನೆನಪಾಗುವುದು ಅಲ್ಯೂಮಿನಿಯಂ ತಟ್ಟೆ. ನಗಬೇಡಿ, ಹೇಳುತ್ತೇನೆ. ಎಪ್ಪತ್ತೆರಡನೆಯ ಇಸವಿಯಲ್ಲಿ, ನನಗೆ ಎಂಟು ವರ್ಷವಿದ್ದಾಗ, ನಾವು ಮೈಸೂರಿನಿಂದ ಶಿಕಾಗೋ ಪಕ್ಕದ ಸ್ಕೋಕಿಗೆ ಬಂದೆವು. ಅಪ್ಪನಿಗೆ ಇಂಜಿನಿಯರ್ ಕೆಲಸ ಸಿಕ್ಕಿತ್ತು, ನನಗೆ ಕೆಂಪು ಸೈಕಲ್ ಸಿಕ್ಕಿತು, ಅಮ್ಮನಿಗೆ ಏನೂ ಸಿಗಲಿಲ್ಲ. ದಿನವಿಡೀ ಕಿಟಕಿಯಲ್ಲಿ ನಿಂತು ಬೀದಿ ನೋಡುತ್ತಿದ್ದಳು. ಆಗಸ್ಟಿನ ಒಂದು ದಿನ ಊಟದ ಹೊತ್ತಿನಲ್ಲಿ, ಗೌರಿ ಹಬ್ಬ ಮಾಡುತ್ತೇನೆ, ಐದು ಜನ ಮುತ್ತೈದೆಯರಿಗೆ ಬಾಗಿನ ಕೊಡಬೇಕು, ಅಷ್ಟೂ ಆಗದ ಊರಾದರೆ ದೀಪಾವಳಿಗೆ ಮಗಳನ್ನು ಕರೆದುಕೊಂಡು ಮೈಸೂರಿಗೆ ಹೊರಟೆ ಎಂದಳು. ಅಮ್ಮ ಸುಮ್ಮಸುಮ್ಮನೆ ಹೆದರಿಸುವವಳಲ್ಲ. ಅಪ್ಪನ ತುತ್ತು ಕೈಯಲ್ಲೇ ಉಳಿಯಿತು. ನನಗೆ ನನ್ನ ಸೈಕಲ್ಲಿನ ಚಿಂತೆ. ಅಮ್ಮನ ಬಗ್ಗೆ ಒಂದು ಚೂರಾದರೂ ಯೋಚಿಸಿದೆನೇ ಎಂದು ಕೇಳಬೇಡಿ.

ಅಪ್ಪ ಟೆಲಿಫೋನ್ ಡೈರೆಕ್ಟರಿ ತೆಗೆದು ಕುಳಿತರು. ಆಗ ನಮ್ಮವರನ್ನು ಹುಡುಕಲು ಇದ್ದ ದಾರಿ ಅದೊಂದೇ. ರಾವ್, ಮೂರ್ತಿ, ಕುಲಕರ್ಣಿ ಎಂದು ಬೆರಳಿಟ್ಟು ಓದುವುದು, ಫೋನ್ ಮಾಡುವುದು, ನಿಮಗೆ ಕನ್ನಡ ಬರುತ್ತದೆಯೇ, ಮನೆಯಲ್ಲಿ ಹೆಂಗಸರಿದ್ದಾರೆಯೇ ಎಂದು ಕೇಳುವುದು. ಇಬ್ಬರು ಪಟ್ಟನೆ ಫೋನ್ ಇಟ್ಟರು. ಆದರೂ ಹುಬ್ಬಳ್ಳಿ ಕಡೆಯ ಡಾಕ್ಟರ್ ಹೆಂಡತಿ ಸರೋಜಾ ಆಂಟಿ ಸಿಕ್ಕರು. ತೆಲುಗಿನವರೊಬ್ಬರು, ಮರಾಠಿಯವರೊಬ್ಬರು, ತಮಿಳಿನವರೊಬ್ಬರು ಒಪ್ಪಿದರು. ಐದನೆಯವರು ಡೆಟ್ರಾಯಿಟ್‌ನವರು, ಅಪ್ಪನ ಗೆಳೆಯರ ಹೆಂಡತಿ. ಮುನ್ನೂರು ಮೈಲಿ ಡ್ರೈವ್ ಮಾಡಿಕೊಂಡು ಬರುತ್ತೇವೆಂದರು.

ಇನ್ನು ಮೊರ. ಅಪ್ಪ ಸೂಪರ್‌ಮಾರ್ಕೆಟ್ಟಿನಿಂದ ಕೇಕ್ ಬೇಯಿಸುವ ಹತ್ತು ಅಲ್ಯೂಮಿನಿಯಂ ತಟ್ಟೆ ತಂದು, ಅರಿಸಿನ ಬಳಿದು, ಒಂದರ ಮೇಲೊಂದು ಕವುಚಿ ತೋರಿಸಿದರು. ತೆಂಗಿನಕಾಯಿಗಳು ಮಾತ್ರ ನುಣ್ಣಗೆ ಕ್ಷೌರ ಮಾಡಿಸಿಕೊಂಡು ಬಂದಿದ್ದವು. ಜುಟ್ಟಿಲ್ಲದ ಕಾಯಿಯನ್ನು ಬಾಗಿನಕ್ಕೆ ಇಡುವುದುಂಟೇ? ಅಪ್ಪ ಸೆಣಬಿನ ಹಗ್ಗ ಬಿಚ್ಚಿ, ಗೋಂದು ಹಚ್ಚಿ, ಐದಕ್ಕೂ ಜುಟ್ಟು ಅಂಟಿಸಿದರು. ಊರಿಗೊಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ ಎಂದು ಅಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ಸ್ಕೋಕಿಯಲ್ಲಿ ಅವಳು ಹಾಗೆ ನಕ್ಕದ್ದು ಅದೇ ಮೊದಲು.

ಹಬ್ಬದ ದಿನ ನಾಲ್ವರು ಬಂದರು. ಮಧ್ಯಾಹ್ನ ಫೋನ್ ಬಂತು. ಡೆಟ್ರಾಯಿಟ್‌ನವರ ಕಾರು ಅರ್ಧ ದಾರಿಯಲ್ಲಿ, ಕಲಮಜೂ ಎಕ್ಸಿಟ್ ಹತ್ತಿರ, ಕೆಟ್ಟು ನಿಂತಿತ್ತು. ಅಮ್ಮ ಉಳಿದ ಒಂದು ಬಾಗಿನವನ್ನು ನೋಡುತ್ತಾ ಕುಳಿತಳು. ನನ್ನ ಕಣ್ಣ ಮುಂದೆ ಕೆಂಪು ಸೈಕಲ್ ಬಂತು. ಯಾರಿಗೂ ಹೇಳದೆ ಪಕ್ಕದ ಮನೆಗೆ ಓಡಿದೆ.

ಅಲ್ಲಿದ್ದವರು ಮಿಸೆಸ್ ರೋಸ್ ಎಂಬ ಅಜ್ಜಿ. ಗಂಡ ಇರುವವರನ್ನೇ ಕರೆಯಬೇಕೆಂದು ಅಮ್ಮ ಹೇಳಿದ್ದು ನನಗೆ ನೆನಪಿತ್ತು. ಅವರ ಬಾಗಿಲ ಹಿಂದೆ ಗಂಡಸರ ಕೋಟು, ಟೋಪಿ ಯಾವಾಗಲೂ ನೇತಾಡುತ್ತಿದ್ದವು. ನಮ್ಮ ಹ್ಯಾರಿಗೆ ಇದಿಷ್ಟ, ಹ್ಯಾರಿಗೆ ಅದಾಗದು ಎಂದು ಅವರು ಹೇಳುತ್ತಲೇ ಇರುತ್ತಿದ್ದರು. ಹಾಗಾದರೆ ಗಂಡ ಆಫೀಸಿಗೆ ಹೋಗಿದ್ದಾರೆಂದು ನಾನೇ ತೀರ್ಮಾನಿಸಿದೆ. ಕರೆದದ್ದೇ ತಡ, ಅವರು ಲಿಪ್‌ಸ್ಟಿಕ್ ಹಚ್ಚಿಕೊಂಡು, ಒಳ್ಳೆಯ ಗೌನು ಹಾಕಿಕೊಂಡು ಬಂದೇಬಿಟ್ಟರು.

ಅಮ್ಮನ ಮುಖ ಅರಳಿತು. ಅರಿಸಿನ ಕುಂಕುಮ ಹಚ್ಚಿ, ಸೋಪು ಸವರಿ ಆ ದಪ್ಪ ಕೈಗೆ ಹಸಿರು ಬಳೆ ತೊಡಿಸಿದಳು. ಆಮೇಲೆ, ನಿಮ್ಮ ಯಜಮಾನರು ನೂರು ವರ್ಷ ಚೆನ್ನಾಗಿರಲಿ ಎಂದಳು. ನಾನು ಗತ್ತಿನಿಂದ ಇಂಗ್ಲಿಷಿಗೆ ತಿರುಗಿಸಿದೆ. ಮಿಸೆಸ್ ರೋಸ್ ನನ್ನ ಕೆನ್ನೆ ಮುಟ್ಟಿ, ಹ್ಯಾರಿ ಹೋಗಿ ನಾಲ್ಕು ವರ್ಷವಾಯಿತು ಮಗು ಎಂದರು.

ಅಷ್ಟು ಇಂಗ್ಲಿಷ್ ಅಲ್ಲಿ ಎಲ್ಲರಿಗೂ ಬರುತ್ತಿತ್ತು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಏನೋ ತಪ್ಪಾಯಿತೆಂದು ಅಜ್ಜಿಗೂ ತಿಳಿಯಿತು. ಮೆಲ್ಲಗೆ ಬಳೆ ತೆಗೆಯಲು ಹೋದರು. ಅಮ್ಮ ತಟ್ಟನೆ ಅವರ ಕೈ ಹಿಡಿದಳು.

"ತೆಗೀಬೇಡಿ ಅಂತ ಹೇಳೇ. ಈ ಬಳೆ ತೊಡಿಸಿದ್ದು ನಾನು, ಅವರ ಯಜಮಾನರಲ್ಲ."

ಸರೋಜಾ ಆಂಟಿ ಬಾಗಿನ ಎತ್ತಿ ಅಮ್ಮನ ಕೈಗಿಟ್ಟರು. "ಕೊಡ್ರಿ ವೈನಿ. ಕುಂಕುಮಾ ಹಚ್ಚಿದ ಮ್ಯಾಲ ಮತ್ತೇನ್ ವಿಚಾರ ಮಾಡೂದು?"

ಅಮ್ಮ ಸೆರಗು ಮುಚ್ಚಿ ಐದನೆಯ ಬಾಗಿನ ಕೊಟ್ಟಳು. ಅಮ್ಮ ದೊಡ್ಡ ಮನಸ್ಸಿನವಳು ಎಂದು ನಾನು ಎಷ್ಟೋ ಕಡೆ ಹೇಳಿಕೊಂಡು ತಿರುಗಿದ್ದೇನೆ. ಅವಳನ್ನೇ ಕೇಳಿದಾಗ, "ಐದು ಆಗ್ಬೇಕಿತ್ತು ಕಣೆ" ಎಂದು ಮುಗಿಸಿದ್ದಳು. ಅದೂ ನಿಜವೇ ಇರಬೇಕು. ದೀಪಾವಳಿಗೆ ಅವಳು ಮೈಸೂರಿಗೆ ಹೋಗಲಿಲ್ಲ. ಮಿಸೆಸ್ ರೋಸ್ ಬಳಿ ಡ್ರೈವಿಂಗ್ ಕಲಿಯುತ್ತಿದ್ದಳು. ನಮ್ಮ ಬೇಲಿಗೆ ಎರಡು ಸಲ ಗುದ್ದಿದಳು, ಒಂದು ಸಲ ನನ್ನ ಸೈಕಲ್ಲಿನ ಮೇಲೇ ಹತ್ತಿಸಿದಳು.

ಇಷ್ಟೆಲ್ಲ ಗೊತ್ತಿದ್ದೂ ಎರಡು ವರ್ಷ ಮೂಲೆ ಹಿಡಿದು ಕೂತಿದ್ದೆನಲ್ಲ, ನನ್ನಂಥ ಪೆದ್ದಿ ಇನ್ನೊಬ್ಬಳುಂಟೇ! ಹತ್ತು ಮೊರ ಎತ್ತಿ ಕಾರ್ಟಿಗೆ ಹಾಕಿದೆ. ಬಿಲ್ಲಿನ ಸಾಲಿನಲ್ಲಿ ಹಿಂದೆಯೇ ನಿಂತಿದ್ದಳು ನಮ್ಮ ಬಡಾವಣೆಯ ಶ್ರುತಿ. ಮೊರ ನೋಡಿದಳು, ನನ್ನ ಮುಖ ನೋಡಿದಳು. ನಿಮ್ಮ ಮಗಳಿಗಾ ಎಂದು ಕೇಳಿದಳು. ನನಗೇ, ಹಬ್ಬ ಮಾಡುತ್ತಿದ್ದೇನೆ, ಅವತ್ತು ಸಂಜೆ ಬಂದು ಬಾಗಿನ ತಗೊಂಡು ಹೋಗು ಎಂದೆ.

"ಬರ್ತೀನಿ ಆಂಟಿ. ಆದ್ರೆ ಅವತ್ತು ಬೆಳಗ್ಗೆ ನೀವು ನಮ್ಮನೆಗೆ ಬರ್ಬೇಕು. ಎರಡು ವರ್ಷದಿಂದ ನಿಮ್ಮದೊಂದು ಬಾಗಿನ ಕಟ್ಟಿಡ್ತಿದ್ದೀನಿ. ಕರೆದ್ರೆ ನಿಮಗೆ ನೋವಾಗತ್ತೇನೋ ಅಂತ ಧೈರ್ಯ ಬರ್ಲಿಲ್ಲ."

ಇಷ್ಟು ಮಾತಿನ ಮಲ್ಲಿ ನಾನು. ಎಷ್ಟು ಗಂಟೆಗೆ ಬರಲಿ ಎಂದು ಕೇಳುವಷ್ಟರಲ್ಲಿ ಸಾಕಾಯಿತು.